ದೊರೆ ಬಂಗ್ಲೆಯ ಹುಲ್ಲಿನ ಮೇಲೆ ಅಣ್ಣನ ಕಂಬಳಿ

ಇಂಗ್ಲೆಂಡಿಗೆ ಹೋಗುವವರಿಗೆ ನನ್ನ ಮೊದಲ ಸಲಹೆ: ಹೊಸ ಬೂಟು ಹಾಕಿಕೊಂಡು ಹೋಗಬೇಡಿ. ಎರಡನೆಯದು: ತೋಟ ನೋಡಲು ಹೋಗೋಣ ಎಂದು ಯಾರಾದರೂ ಕರೆದರೆ, ತೋಟ ಎಷ್ಟು ದೂರ ಎಂದು ಕೇಳುವುದರ ಜೊತೆಗೆ ತೋಟದ ಒಳಗೆ ಎಷ್ಟು ದೂರ ನಡೆಯಬೇಕು ಎಂಬುದನ್ನೂ ಕೇಳಿಕೊಳ್ಳಿ. ನಾನು ಕೇಳಲಿಲ್ಲ. ಅದರ ಫಲ ಇನ್ನೂ ನನ್ನ ಹಿಮ್ಮಡಿಯಲ್ಲಿದೆ.

ಹೊರಡುವ ಮುಂಚೆ

ಜಹೀರಾಬಾದಿನಲ್ಲಿ ನನ್ನದೊಂದು ಬೀಜ-ಗೊಬ್ಬರದ ಅಂಗಡಿ. ಅದಕ್ಕೂ ಮೊದಲು ಸಂತೆಯಲ್ಲಿ ಕುರಿ ವ್ಯಾಪಾರ ಮಾಡಿದೆ. ಅದಕ್ಕೂ ಮೊದಲು ಝರಾಸಂಗಂ ಕಡೆಯ ನಮ್ಮ ಹಳ್ಳಿಯಲ್ಲಿ ಅಣ್ಣ ಬೀರಪ್ಪನ ಹಿಂದೆ ಕುರಿ ಕಾದೆ. ನಾನು ಕುರಿ ಬಿಟ್ಟು ಮೂವತ್ತು ವರ್ಷವಾಯಿತು. ಅಣ್ಣ ಬಿಟ್ಟಿಲ್ಲ. ಅವನ ಹತ್ತಿರ ಈಗಲೂ ನೂರಾ ಹತ್ತು ಕರಿ ಕುರಿಗಳಿವೆ, ಒಂದು ನಾಯಿಯಿದೆ, ಎರಡು ಕೆಟ್ಟ ಮೊಣಕಾಲುಗಳಿವೆ. ಅವನ ಹೆಣ್ಣುಮಕ್ಕಳಿಬ್ಬರೂ ನಾರಾಯಣಖೇಡ, ಪೆದ್ದೆಮುಲ್‌ ಕಡೆ ಗಂಡನ ಮನೆಯಲ್ಲಿದ್ದಾರೆ. ಹೋದ ಮಳೆಗಾಲದಲ್ಲಿ ಅಣ್ಣ ಒಂದು ಒರತೆಯ ಹಳ್ಳದಲ್ಲಿ ಜಾರಿಬಿದ್ದು ಮಧ್ಯಾಹ್ನದವರೆಗೂ ಏಳಲಾಗದೆ ಬಿದ್ದಿದ್ದ. ನಾಯಿ ಊರಿಗೆ ಬಂದು ಬೊಗಳಿದ್ದರಿಂದ ನಮಗೆ ತಿಳಿಯಿತು.

ಅಂದಿನಿಂದ ಕುರಿ ಮಾರು ಎಂದು ನಾನು, ಸುಮ್ಮನಿರು ಎಂದು ಅವನು. ಕೊನೆಗೆ ನಾನೇ ಒಂದು ಕೆಲಸ ಮಾಡಿದೆ. ಜಹೀರಾಬಾದ್ ಸಂತೆಯ ಮೆಹಬೂಬ್ ಸೇಠನ ಜೊತೆ ಟವೆಲ್ಲಿನ ಕೆಳಗೆ ಕೈ ಹಾಕಿ ಇಡೀ ಹಿಂಡಿನ ಬೆಲೆ ಕುದುರಿಸಿಬಿಟ್ಟೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ನಮ್ಮ ಸಂತೆಯಲ್ಲಿ ಕುರಿಯ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೈಗಳ ಮೇಲೆ ಟವೆಲ್ ಹೊದಿಸಿ, ಒಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ಲೆಕ್ಕ ಹೇಳುತ್ತೇವೆ. ಸುತ್ತ ನಿಂತವರಿಗೆ ಏನೂ ತಿಳಿಯಬಾರದು. ಒಮ್ಮೆ ಮುಷ್ಟಿ ಕಟ್ಟಿತೆಂದರೆ ವ್ಯಾಪಾರ ಮುಗಿಯಿತು, ಯಾರೂ ಹಿಂದೆ ಸರಿಯುವಂತಿಲ್ಲ. ಈ ಮೂವತ್ತು ವರ್ಷದಲ್ಲಿ ನಾನು ಸರಿದವನಲ್ಲ.

ಸೇಠನಿಗೆ ಒಂದೇ ಷರತ್ತು ಹಾಕಿದ್ದೆ: ಅಣ್ಣ ಹೂಂ ಅನ್ನಬೇಕು. ಒಂದು ಭಾನುವಾರ ಗೊತ್ತು ಮಾಡಿ, ಅಂದು ಸಂಜೆಯೊಳಗೆ ಫೋನು ಮಾಡುತ್ತೇನೆ ಎಂದಿದ್ದೆ.

ಇನ್ನು ಅಣ್ಣನನ್ನು ಒಪ್ಪಿಸಬೇಕು. ಸರಕು ಕಣ್ಣೆದುರಿಗೆ ಇರುವಾಗ ಅದರ ಒಡೆಯನ ಜೊತೆ ಚೌಕಾಸಿಗೆ ಇಳಿಯಬೇಡಿ, ಅವನು ಸೋಲುವುದಿಲ್ಲ. ದೂರ ಒಯ್ಯಿರಿ. ನಾನು ಅಣ್ಣನನ್ನು ವಿಮಾನ ಹತ್ತಿಸಿ ಒಯ್ದೆ. ನನ್ನ ಮಗಳು ಸುನೀತಾ ಇಂಗ್ಲೆಂಡಿನ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ನರ್ಸು. ಹಿಂದಿನ ವರ್ಷ ಹೋಗಿಬಂದಿದ್ದ ನನ್ನ ಹೆಂಡತಿ, ‘ಆ ಥಂಡಿಗಿ ನಾ ಮತ್ತ ಬರಂಗಿಲ್ಲ, ನಿಮ್ಮ ಅಣ್ಣಗ ಕರ್ಕೊಂಡ್ ಹೋಗ್ರಿ’ ಎಂದು ನನ್ನ ದಾರಿಯನ್ನು ಸಲೀಸು ಮಾಡಿದಳು. ಕುರಿಗಳಿಗೆ ಅತ್ತಿಗೆಯ ತಮ್ಮನನ್ನು ಇಟ್ಟೆವು.

ಅಣ್ಣ ತನ್ನ ಕರಿ ಕಂಬಳಿ ಬಿಟ್ಟು ಬರಲು ಒಪ್ಪಲಿಲ್ಲ. ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಸಾಮಾನು ಮೂಸುವ ನಾಯಿಯೊಂದು ನೂರಾರು ಜನರನ್ನು ದಾಟಿ ನೇರ ಬಂದು ಅವನ ಮುಂದೆ ಕುಳಿತುಬಿಟ್ಟಿತು. ಪೊಲೀಸರು ಕಂಬಳಿಯನ್ನು ನಾಲ್ಕು ಸಲ ಝಾಡಿಸಿದರು. ನಾನು ಪಾಸ್‌ಪೋರ್ಟು ಚಾಚಿಕೊಂಡೇ ನಿಂತಿದ್ದೆ. ಅಣ್ಣ ಮಾತ್ರ ನಾಯಿಯ ಕಿವಿ ಸವರುತ್ತ ಹೇಳಿದ: ‘ಇದರ ಮುತ್ಯಾ ಕುರಿ ಕಾದಿದ್ದು ಇದ್ದೀತು ತಮ್ಮಾ. ವಾಸನಿ ಗುರ್ತು ಹಿಡೀತು.’

ಗೇಟಿನಲ್ಲಿ

ಗೊತ್ತು ಮಾಡಿದ್ದ ಭಾನುವಾರ ಬಂತು. ಸುನೀತಾಳಿಗೆ ಅಂದು ರಜೆ. ಒಂದು ಕಾಲದ ದೊರೆಗಳ ಬಂಗ್ಲೆ, ಅದರ ಸುತ್ತಲಿನ ತೋಟ, ಅದರಾಚೆ ಕುರಿ ಮೇಯುವ ಬಯಲು. ಅಲ್ಲಿಗೇ ಹೋಗೋಣ ಎಂದು ಅವಳಿಗೆ ಹೇಳಿದವನು ನಾನು. ಆ ಕುರಿಗಳ ಹಿಂದೆ ಕುರುಬ ಇರುವುದಿಲ್ಲವೆಂದು ಅವಳು ಒಮ್ಮೆ ಫೋನಿನಲ್ಲಿ ಹೇಳಿದ್ದು ನನ್ನ ನೆನಪಿನಲ್ಲಿತ್ತು. ಆ ಒಂದು ನೋಟ ಸಾಕು, ಅಣ್ಣ ಮೆತ್ತಗಾಗುತ್ತಾನೆ ಎಂದು ನನ್ನ ಎಣಿಕೆ.

ಗೇಟಿನ ಬಳಿ ಒಬ್ಬ ಅಜ್ಜಿ ಮೇಜು ಹಾಕಿಕೊಂಡು ಕುಂಡದ ಗಿಡಗಳನ್ನು ಮಾರುತ್ತಿದ್ದಳು. ನನ್ನ ಕೈ ಸುಮ್ಮನಿರಲಿಲ್ಲ. ಒಂದು ಕುಂಡ ಎತ್ತಿ, ಎಲೆ ತಿರುವಿ, ಮುಖ ಸಿಂಡರಿಸಿ, ಬೆಲೆ ಜಾಸ್ತಿಯಾಯಿತು ಎಂದೆ. ಅಜ್ಜಿ ನಕ್ಕಳು. ಎರಡು ತೆಗೆದುಕೊಂಡರೆ ಎಷ್ಟಕ್ಕೆ ಎಂದೆ. ಎರಡರ ಬೆಲೆ ಆಗುತ್ತದೆ ಎಂದಳು. ಕುಂಡ ಕೆಳಗಿಟ್ಟು ನಾಲ್ಕು ಹೆಜ್ಜೆ ನಡೆದೆ. ನಮ್ಮಲ್ಲಿ ಮೂರನೇ ಹೆಜ್ಜೆಗೆ ‘ಬರ್ರಿ ಬರ್ರಿ’ ಎಂದು ಕರೆಯುತ್ತಾರೆ. ತಿರುಗಿ ನೋಡಿದರೆ ಅಜ್ಜಿ ಕೈ ಬೀಸಿ, ‘ಕೊಳ್ಳಲೇಬೇಕೆಂದಿಲ್ಲ, ದಿನ ಚೆನ್ನಾಗಿ ಕಳೆಯಲಿ’ ಎಂದಳಂತೆ. ಸುನೀತಾ ಕನ್ನಡದಲ್ಲಿ ಹೇಳಿದಳು. ಕೊಳ್ಳುವವನನ್ನು ಬಿಟ್ಟುಕೊಡುವ ಅಂಗಡಿಯವರ ಮುಂದೆ ನಮ್ಮ ವಿದ್ಯೆ ನಡೆಯುವುದಿಲ್ಲ. ಅಲ್ಲಿಂದಲೇ ಆ ದಿನ ನನ್ನ ಕೈ ಸೋಲುತ್ತ ಬಂತು.

ಗೋಡೆಯೊಳಗಿನ ತೋಟ

ಮೊದಲು ತರಕಾರಿ ತೋಟ. ಸುತ್ತ ನಾಲ್ಕು ಕಡೆ ಎರಡಾಳೆತ್ತರದ ಇಟ್ಟಿಗೆ ಗೋಡೆ. ಹಣ್ಣಿನ ಗಿಡಗಳನ್ನು ಗೋಡೆಗೆ ಒತ್ತಿ, ಕೊಂಬೆಗಳನ್ನು ಎಡಕ್ಕೂ ಬಲಕ್ಕೂ ಎಳೆದು ತಂತಿಗೆ ಕಟ್ಟಿದ್ದರು. ಹಗಲು ಇಟ್ಟಿಗೆ ಕುಡಿದ ಬಿಸಿಲು ಇಳಿಹೊತ್ತಿಗೆ ಗಿಡಕ್ಕೆ ಸಿಗಲಿ ಎಂದು ಹಾಗೆ ಮಾಡಿದ್ದಂತೆ. ಬಿಸಿಲನ್ನು ಗೋಡೆಯಲ್ಲಿ ಕೂಡಿಡುವ ದೇಶ. ನಮ್ಮ ಕಡೆ ಬಿಸಿಲನ್ನು ಯಾರಿಗಾದರೂ ದಾಟಿಸಲು ಆಗುವಂತಿದ್ದರೆ ನಾನು ಗೊಬ್ಬರ ಬಿಟ್ಟು ಅದನ್ನೇ ಮಾರುತ್ತಿದ್ದೆ.

‘ಬಟ್ಟಿ ಒಣಗ ಹಾಕಿದಂಗ ಗಿಡ ಹಾಕ್ಯಾರಲ್ಲೋ,’ ಎಂದ ಅಣ್ಣ.

‘ಹಣ್ಣು ಭಾಳ ಬರ್ತಾವಂತ ದೊಡ್ಡಪ್ಪ,’ ಎಂದಳು ಸುನೀತಾ.

‘ಬರಲ್ದ ಏನ್ ಮಾಡ್ತಾವ. ಓಡಿ ಹೋಗದಂಗ ಕೈಕಾಲ ಕಟ್ಯಾರ.’

ತೋಟ ದಾಟಿದರೆ ಗುಲಾಬಿ, ಗುಲಾಬಿ ದಾಟಿದರೆ ಕೊಳ, ಕೊಳ ದಾಟಿದರೆ ಮೂಗು ಒಡೆದ ಕಲ್ಲಿನ ಬೊಂಬೆಗಳು. ಮೋಡ, ಸಣ್ಣ ಹನಿ, ಮತ್ತೆ ಬಿಸಿಲು, ಮತ್ತೆ ಹನಿ. ಛತ್ರಿ ಬಿಚ್ಚಿ ಮಡಚಿ ನನ್ನ ರಟ್ಟೆ ಸೋತಿತು. ಅಲ್ಲಿಯ ಜನ ಛತ್ರಿಯನ್ನೇ ತರುವುದಿಲ್ಲ, ಸುಮ್ಮನೆ ನೆನೆಯುತ್ತಾರೆ. ನೀವೂ ಹಾಗೇ ಮಾಡಿ, ಶ್ರಮ ಕಡಿಮೆ.

ಬಂಗ್ಲೆಯ ಮುಂದೆ ನಾಲ್ಕೈದು ಎಕರೆ ಹುಲ್ಲು. ಒಬ್ಬ ಯಂತ್ರದ ಮೇಲೆ ಕುಳಿತು ಅದನ್ನು ಕೊಯ್ಯುತ್ತಿದ್ದ. ಅಣ್ಣ ನಿಂತುಬಿಟ್ಟ.

‘ಈ ಹುಲ್ಲ ಯಾವ ದನಕ್ಕ?’

‘ಯಾವದಕ್ಕೂ ಇಲ್ಲ ದೊಡ್ಡಪ್ಪ. ಚಂದ ಕಾಣಲಿ ಅಂತ ಕೊಯ್ತಾರ. ಕೊಯ್ದಿದ್ದು ತಿಪ್ಪಿಗಿ ಹಾಕ್ತಾರ.’

ಅಣ್ಣ ಬಗ್ಗಿ ಒಂದು ಹಿಡಿ ಹುಲ್ಲು ಎತ್ತಿಕೊಂಡು ಮೂಸಿದ. ಬೇಸಿಗೆಯಲ್ಲಿ ಒಂದು ಹೊರೆ ಮೇವಿಗಾಗಿ ಬೊಮ್ರಾಸಪೇಟ್‌ವರೆಗೆ ಹಿಂಡು ಹೊಡೆದುಕೊಂಡು ಹೋದವನು ಅವನು. ಹಿಡಿ ಹುಲ್ಲನ್ನು ಕಿಸೆಗೆ ಹಾಕಿಕೊಂಡ.

ಹೆಸರಿದ್ದ ಬೆಂಚು

ಹುಲ್ಲಿನ ತುದಿಯಲ್ಲೊಂದು ಮರದ ಬೆಂಚು. ನನ್ನ ಹಿಮ್ಮಡಿ ಉರಿಯುತ್ತಿತ್ತು, ದಬಕ್ಕನೆ ಕುಳಿತೆ. ಅಣ್ಣ ಕೂರಲಿಲ್ಲ. ಬೆಂಚಿನ ಬೆನ್ನಿಗೆ ಒಂದು ಹಿತ್ತಾಳೆಯ ಪಟ್ಟಿ ಹೊಡೆದಿತ್ತು, ಅದರಲ್ಲೇನೋ ಕೊರೆದಿತ್ತು.

‘ಏನ್ ಬರ್ದಾರವ್ವಾ?’

‘ಯಾರೋ ತೀರಿಕೊಂಡವರ ಹೆಸರು ದೊಡ್ಡಪ್ಪ. ಅವರಿಗೆ ಈ ಜಾಗ ಇಷ್ಟ ಇತ್ತಂತ. ಮನಿಯವರು ನೆನಪಿಗಿ ಬೆಂಚ್ ಹಾಕ್ಸ್ಯಾರ.’

‘ಸತ್ತವರ ಗದ್ದಿಗಿ ಮ್ಯಾಲ ಕುಂತೀಯಲ್ಲೋ ಮಲ್ಲ್ಯಾ, ಏಳು!’

‘ಕೂರಾಕೇ ಹಾಕ್ಯಾರ ಅಣ್ಣಾ.’

ಅವನು ಬೂಟು ಕಳಚಿ, ಪಟ್ಟಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಅಪ್ಪಣೆ ಕೇಳಿದವನಂತೆ ಅಂಚಿಗೆ ಕುಳಿತ. ಸುನೀತಾ ಚಹಾ ತರಲು ಹೋದಳು. ಅಂಗಡಿ ಬಂಗ್ಲೆಯ ಹಿಂದೆ, ಹೋಗಿಬರಲು ಬಹಳ ಹೊತ್ತು.

ಎದುರಿಗೆ ಕಣ್ಣು ಹಾಯುವಷ್ಟು ಹಸಿರು. ಅದರಲ್ಲಿ ಬಿಳಿ ಕುರಿಗಳು. ಬೇಲಿಯಿಲ್ಲ, ಗೋಡೆಯಿಲ್ಲ. ನಮ್ಮ ಕಾಲ ಕೆಳಗಿನ ಹುಲ್ಲೇ ಹರಿದುಹೋಗಿ ಅಲ್ಲಿ ಕುರಿಗಳ ಹುಲ್ಲಾಗುತ್ತಿತ್ತು. ನನಗೆ ಇದೇ ಹೊತ್ತು ಬೇಕಿತ್ತು. ಗಡಿಯಾರ ನೋಡಿದೆ, ಮಧ್ಯಾಹ್ನ ದಾಟಿತ್ತು. ಅಂದರೆ ನಮ್ಮಲ್ಲಿ ಸಂಜೆ. ಸೇಠ ಫೋನು ಕೈಯಲ್ಲಿ ಹಿಡಿದು ಕುಳಿತಿರುತ್ತಾನೆ.

‘ನೋಡು ಅಣ್ಣಾ,’ ಎಂದೆ. ‘ಇಷ್ಟ್ ಕುರಿ ಅದಾವ, ಒಬ್ಬನರೇ ಹಿಂದ ಅದಾನೇನು? ಇಡೀ ದಿನ ಬಿಸಲಾಗ ಕುರಿ ಹಿಂದ ತಿರುಗೋ ಕಾಲ ಹೋತು. ಇಂಥ ದೇಶದಾಗೇ ಬಿಟ್ಟಾರ.’

ಅವನು ಕೇಳುತ್ತಿರಲಿಲ್ಲ. ಕಣ್ಣು ಕಿರಿದು ಮಾಡಿ ದೂರ ನೋಡುತ್ತಿದ್ದ. ‘ಅಲ್ಲೊಂದು ಬಿದ್ದದ,’ ಎಂದ.

ಕುರಿಯೊಂದು ಬೆನ್ನ ಮೇಲಾಗಿ ಬಿದ್ದು ನಾಲ್ಕೂ ಕಾಲು ಮೇಲೆತ್ತಿತ್ತು. ಪಕ್ಕದಲ್ಲಿ ಮರಿ. ನಮ್ಮ ಬಲಕ್ಕೆ ನಿಂತ ಒಂದು ಕುಟುಂಬ ಅದರ ಫೋಟೋ ತೆಗೆದು ನಗುತ್ತಿತ್ತು.

‘ಮಲಗ್ಯದ ಬಿಡು,’ ಎಂದೆ.

‘ಕುರಿ ಹಂಗ ಮಲಗ್ತದೇನೋ? ಎಷ್ಟ್ ವರ್ಷ ಆತು ನೀ ಕುರಿ ಬಿಟ್ಟು?’ ಎಂದವನೇ ಬೂಟನ್ನೂ ಹಾಕದೆ ಎದ್ದು ಹೊರಟ.

ಕಂದಕ

ದೊರೆಗಳ ಜಾಣತನ ತಿಳಿದದ್ದು ಆಗ. ಬೇಲಿ ಇಲ್ಲವೆಂದುಕೊಂಡಿದ್ದು ಸುಳ್ಳು. ಹುಲ್ಲಿನ ಅಂಚಿಗೆ ಬಂದರೆ ಕಾಲ ಕೆಳಗೆ ಒಮ್ಮೆಗೇ ನೆಲವಿಲ್ಲ. ನಮ್ಮ ಕಡೆಗೆ ಎದೆಯೆತ್ತರದ ಕಲ್ಲಿನ ಗೋಡೆ ನೆಟ್ಟಗೆ ಕೆಳಗಿಳಿದಿದೆ, ಆಚೆ ಕಡೆ ನೆಲ ಮೆಲ್ಲಗೆ ಇಳಿಜಾರಾಗಿ ಬಂದು ಗೋಡೆಯ ಬುಡಕ್ಕೆ ಸೇರುತ್ತದೆ. ಕುರಿ ಈಚೆ ಬರಲಾರದು. ಬಂಗ್ಲೆಯಲ್ಲಿ ಕುಳಿತವರಿಗೆ ಗೋಡೆ ಕಾಣುವುದಿಲ್ಲ. ಕುರಿ ತಮ್ಮ ಅಂಗಳದಲ್ಲೇ ಮೇಯುತ್ತಿರುವಂತೆ ಕಾಣಬೇಕು, ಹಿಕ್ಕೆ ಮಾತ್ರ ಅಂಗಳಕ್ಕೆ ಬೀಳಬಾರದು. ವ್ಯಾಪಾರಿಯಾಗಿ ನಾನು ಆ ಬುದ್ಧಿಗೆ ತಲೆದೂಗಿದೆ.

ತಲೆದೂಗುವಷ್ಟರಲ್ಲಿ ಅಣ್ಣ ಕಂಬಳಿಯನ್ನು ಕೆಳಗೆಸೆದು, ಅಂಚಿನಲ್ಲಿ ಕುಳಿತು, ಅದರ ಮೇಲೆ ಧುಮುಕಿಬಿಟ್ಟ.

‘ಅಣ್ಣಾ! ಮೊಣಕಾಲೋ!’

ಅವನು ಆಗಲೇ ಕಂಬಳಿ ಹೆಗಲಿಗೆ ಹಾಕಿಕೊಂಡಿದ್ದ. ಕುಂಟುತ್ತ ಇಳಿಜಾರು ಹತ್ತುತ್ತಿದ್ದ. ಹಿಂದೆ ಜನ ಕೂಗುತ್ತಿದ್ದರು. ನಾನೂ ಇಳಿಯಬೇಕಾಯಿತು. ಸುನೀತಾ ಕೊಡಿಸಿದ ಹೊಸ ಕೋಟು ಕಲ್ಲಿಗೆ ಸಿಕ್ಕಿ ತೋಳಿನ ಉದ್ದಕ್ಕೂ ಹರಿಯಿತು.

ಉಣ್ಣೆ ಕತ್ತರಿಸುವ ಮುಂಚಿನ ದಿನಗಳವು. ಆ ಕುರಿಗೆ ಹಾಸಿಗೆಯಷ್ಟು ಉಣ್ಣೆ, ಅದೂ ಮಳೆಯಲ್ಲಿ ತೊಯ್ದದ್ದು. ಮಗ್ಗುಲಾಗಿ ಹೊರಳಿದ್ದು ಭಾರಕ್ಕೆ ಮತ್ತೆ ಏಳಲಾಗದೆ ಅಂಗಾತ ಬಿದ್ದಿತ್ತು. ಹೊಟ್ಟೆ ಉಬ್ಬಿ ಡೋಲಾಗಿತ್ತು. ಇನ್ನೊಂದು ತಾಸು ಬಿಟ್ಟಿದ್ದರೆ ಮುಗಿಯುತ್ತಿತ್ತು. ಅಣ್ಣ ಭುಜದ ಹತ್ತಿರವೂ ಸೊಂಟದ ಹತ್ತಿರವೂ ಉಣ್ಣೆ ಹಿಡಿದು ಎಳೆದ. ಕುರಿ ಅರ್ಧ ತಿರುಗಿ ಮತ್ತೆ ಬಿತ್ತು. ಮತ್ತೆ ಎಳೆದ. ಅವನ ಕೈ ಉಣ್ಣೆಯಿಂದ ಜಾರಿ ಬಂತು. ತನ್ನ ಬೆರಳುಗಳನ್ನೇ ಒಂದು ಗಳಿಗೆ ನೋಡಿದ.

‘ಹಿಡಿಯೋ ಮಲ್ಲ್ಯಾ, ನಿಂತ್ಕೊಂಡ್ ಏನ್ ನೋಡ್ತಿ!’

ಹಿಡಿದೆ. ಮೂವತ್ತು ವರ್ಷದಿಂದ ನಾನು ಕುರಿಯ ಬೆನ್ನನ್ನು ಮಾಂಸ ಎಷ್ಟಿದೆ ಎಂದು ನೋಡಲು ಎರಡು ಬೆರಳಲ್ಲಿ ಒತ್ತಿದ್ದು ಬಿಟ್ಟರೆ ಕುರಿಯನ್ನು ಹೀಗೆ ಅಪ್ಪಿರಲಿಲ್ಲ. ಇಬ್ಬರೂ ಸೇರಿ ಹೊರಳಿಸಿದೆವು. ನಿಂತಿತು, ಮತ್ತೆ ವಾಲಿತು. ಅಣ್ಣ ಅದನ್ನು ಎರಡು ತೊಡೆಗಳ ನಡುವೆ ಇರುಕಿಕೊಂಡು ನಿಂತ. ‘ಕಾಲ ಜೋಂ ಹಿಡ್ದಾವ. ಈಗೇ ಬಿಟ್ರ ಬೀಳ್ತದ. ಜರಾ ತಡಿ.’ ಕುರಿ ಒಂದು ದೊಡ್ಡ ತೇಗು ಬಿಟ್ಟಿತು. ಗೋಡೆಯ ಮೇಲಿನ ಜನ ಚಪ್ಪಾಳೆ ತಟ್ಟಿದರು. ಯಾಕೆ ತಟ್ಟುತ್ತಾರೆಂದು ಅಣ್ಣ ನನ್ನನ್ನು ಕೇಳಿದ.

ಅಷ್ಟರಲ್ಲಿ ನಾಲ್ಕು ಗಾಲಿಯ ಸಣ್ಣ ಗಾಡಿಯೊಂದರಲ್ಲಿ ನಾಯಿಯನ್ನು ಹಿಂದೆ ಕೂರಿಸಿಕೊಂಡು ಒಬ್ಬ ಬಂದ. ಕುರಿ ಅವನ ಸುಪರ್ದಿಯವು. ಅಣ್ಣ ಕುರಿಯನ್ನು ಇರುಕಿಕೊಂಡ ರೀತಿ ನೋಡಿ ಏನನ್ನೂ ಕೇಳಲಿಲ್ಲ, ಟೊಪ್ಪಿಗೆ ತೆಗೆದ. ನನ್ನ ಹರಕು ಇಂಗ್ಲಿಷಿನಲ್ಲಿ ಅಣ್ಣನ ಪ್ರಶ್ನೆ ದಾಟಿಸಿದೆ: ಎಷ್ಟು ಕುರಿ? ನಾನೂರು. ಎಷ್ಟು ಜನ? ನಾನೊಬ್ಬನೇ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಂದು ನೋಡುತ್ತೇನೆ. ನಡುವೆ? ಅವನು ಭುಜ ಹಾರಿಸಿದ.

‘ನಡಕ ಯಾರೂ ಇಲ್ಲಂತ ಅಣ್ಣಾ,’ ಎಂದೆ. ಹೇಳುವಾಗಲೇ ನನ್ನ ಯೋಜನೆ ಅಂಗಾತ ಬಿದ್ದದ್ದು ಗೊತ್ತಾಯಿತು.

ಸುತ್ತುದಾರಿ

ಇಳಿದ ಗೋಡೆಯನ್ನು ಹತ್ತಲಾಗಲಿಲ್ಲ. ಗಾಡಿಯಲ್ಲಿ ಇಬ್ಬರಿಗೆ ಜಾಗವಿರಲಿಲ್ಲ. ನನ್ನನ್ನು ಬಿಟ್ಟು ಅಣ್ಣ ಕೂರಲಿಲ್ಲ. ಬಯಲನ್ನು ಸುತ್ತಿ, ದೂರದ ಒಂದು ಮರದ ಗೇಟು ದಾಟಿ, ಮತ್ತೆ ತೋಟಕ್ಕೆ ಬರಬೇಕು. ಅಣ್ಣ ಬರಿಗಾಲಲ್ಲಿ, ನಾನು ಕಚ್ಚುವ ಬೂಟಿನಲ್ಲಿ. ಹತ್ತು ಹೆಜ್ಜೆಗೊಮ್ಮೆ ಅವನು ನಿಲ್ಲುತ್ತಿದ್ದ, ಕುರಿ ನೋಡುವ ನೆವದಲ್ಲಿ. ನಾನೂ ಕುರಿ ನೋಡುವ ನೆವದಲ್ಲಿ ನಿಲ್ಲುತ್ತಿದ್ದೆ.

ಅರ್ಧ ದಾರಿಯಲ್ಲಿ ನನ್ನ ಬಾಯಿ ಬಿಟ್ಟುಹೋಯಿತು. ದಣಿದಾಗ ಸುಳ್ಳು ಹೊರುವುದು ಕಷ್ಟ. ಮೆಹಬೂಬ್ ಸೇಠನ ಜೊತೆ ಕೈ ಹಾಕಿದ್ದನ್ನು, ಇವತ್ತಿನ ಫೋನನ್ನು, ಎಲ್ಲ ಹೇಳಿದೆ.

ಅವನು ಕಂಬಳಿಯನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿದ. ಆಮೇಲೆ, ‘ಅದಕ್ಕೇ ವಿಮಾನ ಹತ್ತಿಸಿದಿ,’ ಎಂದ.

‘ನಿನ್ನ ಮೊಣಕಾಲ ನೋಡಿ ಅಣ್ಣಾ. ಆ ಹಳ್ಳದಾಗ ಬಿದ್ದಿದ್ದು...’

‘ನನ್ನ ಕುರಿಗಿ ನೀ ಟವೆಲ್ ಹಾಸಿದಿ. ಸಂತಿ ಮಂದಿ ಮುಂದ. ನಾ ಸತ್ತೀನಂತ ತಿಳ್ದಿದ್ಯಾ?’

‘ನೀ ಹೂಂ ಅಂದ್ರಷ್ಟೇ ಅಂತ ಹೇಳೀನಿ.’

‘ಯಾರೂ ಇಲ್ದ ಕುರಿ ತೋರ್ಸಾಕ ಕರ್ಕೊಂಡ್ ಬಂದಿ,’ ಎಂದ ಅವನು. ‘ನೋಡಿದೆ. ಯಾರೂ ಇರಲಿಲ್ಲಂದ್ರ ಹಂಗ ಕಾಲ ಮ್ಯಾಲ ಮಾಡ್ತಾವ, ಮಂದಿ ಫೋಟೋ ಹೊಡೀತಾರ.’

ನಾನು ತಲೆ ತಗ್ಗಿಸಿ ನಡೆದೆ. ಗೇಟಿನ ಹತ್ತಿರ ಅವನು ಕಂಬಕ್ಕೆ ಒರಗಿ ನಿಂತ. ತನ್ನ ಬಲಗೈ ಬಿಚ್ಚಿ ಮಡಚಿ ನೋಡಿಕೊಂಡ. ‘ಕೈ ಹಿಡೀಲಿಲ್ಲೋ ತಮ್ಮಾ. ನೋಡಿದಿಲ್ಲೋ, ಉಣ್ಣಿ ಕೈಯಾಗ ನಿಲ್ಲಲಿಲ್ಲ.’

ನಾನು ಗೇಟು ತೆರೆದು ಹಿಡಿದೆ.

ಮತ್ತೆ ಬೆಂಚು

ಸುನೀತಾ ಚಹಾದ ಲೋಟಗಳನ್ನು ಹಿಡಿದು ಬೆಂಚಿನ ಬಳಿ ಗಾಬರಿಯಾಗಿ ನಿಂತಿದ್ದಳು. ನನ್ನ ಕೋಟು ನೋಡಿ ಬೈದಳು, ದೊಡ್ಡಪ್ಪನ ಬರಿಗಾಲು ನೋಡಿ ಇನ್ನಷ್ಟು ಬೈದಳು, ಆಮೇಲೆ ಅವನ ಮೊಣಕಾಲು ಒತ್ತಿ ನೋಡಿ ಮಂಜುಗಡ್ಡೆ ಕೇಳಿಕೊಂಡು ಬರಲು ಮತ್ತೆ ಬಂಗ್ಲೆಗೆ ಓಡಿದಳು.

ಗಾಳಿ ಬೀಸುತ್ತಿತ್ತು. ಅಣ್ಣ ಕಂಬಳಿಯನ್ನು ಇಬ್ಬರ ತೊಡೆಯ ಮೇಲೂ ಹೊದಿಸಿದ. ನಂತರ ಅದರ ಕೆಳಗೆ ಅವನ ಕೈ ಬಂದು ನನ್ನ ಕೈ ಹುಡುಕಿತು.

ಮನೆಯವರ ಜೊತೆ ಟವೆಲ್ ಹಾಕಬಾರದು ಎಂದು ನಮ್ಮಪ್ಪ ಕಲಿಸಿದ್ದ. ಅಣ್ಣ ಎಂದೂ ಆ ಮಾತು ಮೀರಿದವನಲ್ಲ.

‘ಸೇಠನ ಸಂಗ್ತೀ ಹಾಕಿದ್ಯಲ್ಲ, ನನ್ನ ಸಂಗ್ತೀನೂ ಹಾಕು,’ ಎಂದ. ‘ಬೆಲಿ ಅಲ್ಲ. ಎಷ್ಟ್ ಕುರಿ ಇಟ್ಕೊಬೇಕು ಅಂತ. ಒಂದ್ ಬೆರಳಿಗಿ ಹತ್ತು.’

ನನ್ನ ನಾಲ್ಕು ಬೆರಳುಗಳನ್ನು ಹಿಡಿದ. ನಲವತ್ತು.

ಈಗ ನನ್ನ ಸರದಿ. ಒಂದೂ ಬೇಡ ಎಂಬುದು ನನ್ನ ಮಾತು. ವಿಮಾನ ಹತ್ತುವ ಮುಂಚಿನಿಂದ ನನ್ನದು ಅದೊಂದೇ ಮಾತು. ಆದರೆ ಒಂದೂ ಬೇಡ ಎನ್ನಲು ಯಾವ ಬೆರಳು ಹಿಡಿಯಬೇಕು? ಟವೆಲ್ಲಿನ ಕೆಳಗೆ ಸೊನ್ನೆಗೆ ಬೆರಳಿಲ್ಲ. ಕೈ ಕೊಟ್ಟ ಮೇಲೆ ಏನಾದರೂ ಹಿಡಿಯಲೇಬೇಕು. ಇಷ್ಟು ವರ್ಷ ಸಂತೆ ಮಾಡಿದವನಿಗೆ ಇದು ಹೊಳೆದಿರಲಿಲ್ಲ.

‘ಹೇಳೋ, ನಿಂದೆಷ್ಟು?’

ಅವನ ಒಂದು ಬೆರಳು ಹಿಡಿದೆ.

ಅವನು ಮೂರು. ನಾನು ಮತ್ತೆ ಒಂದು. ದಾರಿಯಲ್ಲಿ ಹೋಗುವವರು ನಮ್ಮನ್ನು ನೋಡಿ ಮುಗುಳ್ನಗುತ್ತಿದ್ದರು, ಚಳಿಗೆ ಕೈ ಹಿಡಿದು ಕುಳಿತ ಇಬ್ಬರು ಮುದುಕರು ಎಂದುಕೊಂಡಿರಬೇಕು. ಅವನು ಎರಡು ಹಿಡಿದು ಅಲ್ಲೇ ನಿಂತ. ಹಿಡಿದದ್ದು ಹೆಸರಿಗೆ. ಅವನ ಬೆರಳುಗಳು ನನ್ನ ಬೆರಳ ಸುತ್ತ ಪೂರ್ತಿ ಮುಚ್ಚಲಿಲ್ಲ. ಸಂತೆಯಲ್ಲಿ ಎದುರಾಳಿಯ ಹಿಡಿತ ಸಡಿಲವಾದರೆ ಅವನು ಇಳಿಯುತ್ತಾನೆಂದು ಅರ್ಥ, ಆಗ ಒತ್ತಬೇಕು. ನಾನು ಒತ್ತಲಿಲ್ಲ.

‘ನೂರಾ ಹತ್ತಕ್ಕ ನಾ ಸಾಲಂಗಿಲ್ಲ,’ ಎಂದ ಅಣ್ಣ, ಕುರಿಗಳ ಕಡೆ ನೋಡುತ್ತ. ‘ಇವತ್ತ್ ತಿಳೀತು. ಇಪ್ಪತ್ತಕ್ಕ ಸಾಲ್ತೀನಿ. ಮನಿ ಹಿಂದಿನ ಹೊಲದಾಗೇ ಮೇಯಿಸ್ತೀನಿ, ಹಳ್ಳಕ್ಕ ಹೋಗಂಗಿಲ್ಲ.’

ನನ್ನ ಇನ್ನೊಂದು ಕೈಯನ್ನೂ ಕಂಬಳಿಯೊಳಗೆ ಹಾಕಿ ಅವನ ಮುಷ್ಟಿಯನ್ನು ನಾನೇ ಕಟ್ಟಿದೆ.

ಸೇಠನಿಗೆ ಫೋನು ಹಚ್ಚಿದೆ. ಇಪ್ಪತ್ತು ಕಮ್ಮಿ ಎಂದೆ. ‘ಕ್ಯಾ ಭಾಯ್, ಕೈ ಕೊಟ್ಟ ಮ್ಯಾಲ ಮಾತ್ ಬದ್ಲಿ ಮಾಡ್ತೀರೇನ್ರಿ? ಮಲ್ಲಪ್ಪ ಅಂದ್ರ ಮಾತಿನ ಮನುಷ್ಯಾ ಅಂತ ತಿಳ್ದಿದ್ದೆ ನಾ,’ ಎಂದು ಅವನು ಒಂದೇ ಸಮನೆ ಕೂಗಿದ. ಅಂದದ್ದು ಖರೆ. ಎಲ್ಲ ಕೇಳಿಸಿಕೊಂಡೆ. ಉಸಿರು ತಗ್ಗಿದ ಮೇಲೆ ಕೇಳಿದ: ‘ಆತು. ಯಾವ ಇಪ್ಪತ್ತು? ಛಲೋ ಛಲೋವೇ ತೆಗೀಬ್ಯಾಡ್ರಿ ಮತ್ತ.’

ಫೋನನ್ನು ಅಣ್ಣನ ಕೈಗೆ ಕೊಟ್ಟೆ.

‘ಬರ್ಕೊಳ್ರಿ ಸೇಠ್,’ ಎಂದ ಅಣ್ಣ. ಕಣ್ಣು ಮುಚ್ಚಿದ. ‘ಕಿವಿ ಸೀಳಿದ್ದು ಒಂದು. ಅದರ ಮಗಳು ಒಂದು. ಹಣಿ ಮ್ಯಾಲ ಬಿಳಿ ಚುಕ್ಕಿದು. ಆ ಕುಂಟು, ಅದು ನಿಮಗೂ ಬ್ಯಾಡ. ಹೋದ ಪಂಚಮಿಗಿ ಅವಳಿ ಹಾಕಿದ್ದು, ಅದರ ಎರಡೂ ಮರಿ...’

ಹೀಗೆ ಒಂದೊಂದನ್ನೇ ಕಣ್ಣ ಮುಂದೆ ನಿಲ್ಲಿಸಿಕೊಂಡು ಹೇಳುತ್ತ ಹೋದ. ಚಹಾ ಆರಿ ತಣ್ಣಗಾಯಿತು. ಎದುರಿನ ಬಯಲಲ್ಲಿ ಬಿದ್ದೆದ್ದ ಕುರಿ ಮರಿಗೆ ಹಾಲು ಕೊಡುತ್ತ ನಿಂತಿತ್ತು. ನಾನು ಕಂಬಳಿಯ ಕೆಳಗೆ ಬೆರಳು ಮಡಚುತ್ತ ಎಣಿಸಿದೆ, ಹಳೆಯ ಚಟ. ಇಪ್ಪತ್ತಾಯಿತು. ಅಣ್ಣ ನಿಲ್ಲಿಸಲಿಲ್ಲ. ‘ಮತ್ತ ಆ ಮುದುಕಿ, ಗಂಟಿ ಕಟ್ಟಿದ್ದು,’ ಎಂದ. ಇಪ್ಪತ್ತೊಂದು. ಇನ್ನೆರಡು ಹೇಳಿ ಫೋನು ನನ್ನ ಕೈಗಿಟ್ಟ.

ಇಪ್ಪತ್ಮೂರು. ಸೇಠ ಎಣಿಸಿರಲಿಲ್ಲ; ‘ಆತು, ಇಪ್ಪತ್ತೂ ಬರ್ಕೊಂಡೆ,’ ಎಂದ. ನಾನು ಸುಮ್ಮನೆ ಫೋನು ಇಟ್ಟೆ.